ಉಪಕರ ಕಟ್ಟಡಗಳ ದುರಸ್ತಿ ನಿಧಿ: ಅರ್ಜಿಗೆ ಮುನ್ನ ಬಾಡಿಗೆದಾರರು ತಿಳಿದಿರಬೇಕಾದ ಸಂಗತಿಗಳು

ಕೊಲಾಬಾದಿಂದ ಮಾಹಿಮ್ ಮತ್ತು ಸಯನ್‌ವರೆಗಿನ ಮುಂಬಯಿ ದ್ವೀಪನಗರದ ಹಳೆಯ ಚಾಳ್‌ಗಳಲ್ಲಿ ನಮ್ಮ ಅನೇಕ ಕನ್ನಡಿಗ ಕುಟುಂಬಗಳು ಇಂದಿಗೂ ಪಗಡಿಯ ಬಾಡಿಗೆದಾರರಾಗಿ ವಾಸವಾಗಿವೆ. ತಮ್ಮ ಕಟ್ಟಡವು ಉಪಕರ, ಅಂದರೆ ಸೆಸ್ ತೆರುವ ಕಟ್ಟಡವೆಂಬುದನ್ನು ಹಲವರು ಬಲ್ಲರು. ಆ ಉಪಕರದ ಬಲದಿಂದ ಸಾರ್ವಜನಿಕ ಹಣದಲ್ಲಿ ದುರಸ್ತಿಯನ್ನು ಕೇಳುವ ಅಧಿಕಾರ ತಮಗುಂಟೆಂಬುದು ಕೆಲವರಿಗಷ್ಟೇ ಗೊತ್ತು. ಕೇಳುವವರ ಹೆಸರು ದಾಖಲೆಯಲ್ಲಿ ಸರಿಯಾಗಿರಬೇಕೆಂಬ ಸಂಗತಿಯಾದರೋ, ಮನೆ ಖಾಲಿ ಮಾಡುವ ನೋಟಿಸು ಬಾಗಿಲಿಗೆ ಅಂಟಿದ ಮೇಲೆಯೇ ಬಹುಮಂದಿಯ ಅರಿವಿಗೆ ಬರುತ್ತದೆ.

ಈ ವ್ಯವಸ್ಥೆಯ ಮೂಲವಿರುವುದು 1947ರ ಬಾಂಬೆ ಬಾಡಿಗೆ ನಿಯಂತ್ರಣ ಕಾಯಿದೆಯಲ್ಲಿ. ಅದು ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತು. ದುಡಿಯಲು ಬಂದವರಿಗೆ ನಗರದ ನಡುವೆ ಸೂರು ಉಳಿದುದು ಇದರಿಂದಲೇ. ಆದರೆ ತಿಂಗಳಿಗೆ ಕೆಲವೇ ರೂಪಾಯಿ ಬಾಡಿಗೆ ಬರುವ ಕಟ್ಟಡಕ್ಕೆ ಸುಣ್ಣ ಬಳಿಸಲೂ ಮಾಲಕರು ಮುಂದಾಗಲಿಲ್ಲ. ಪಗಡಿಯ ಖೋಲಿಯನ್ನು ಅಡವಿಟ್ಟುಕೊಂಡು ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲವಾದುದರಿಂದ ಬಾಡಿಗೆದಾರರಿಗೂ ದಾರಿಯಿರಲಿಲ್ಲ. ಈ ನಿಯಂತ್ರಣವು ಕಾಲಕ್ರಮದಲ್ಲಿ ಅಸಮಂಜಸವಾಗಿದೆಯೆಂದು ಸುಪ್ರೀಂ ಕೋರ್ಟು 1997ರಲ್ಲಿ ಹೇಳಿತು. (ಆ ಮೊಕದ್ದಮೆಯ ಶೀರ್ಷಿಕೆಯೇ ‘ಮಲ್ಪೆ’ ಎಂಬ ನಮ್ಮ ಕರಾವಳಿಯ ಹೆಸರಿನಿಂದ ಆರಂಭವಾಗುವುದು ಸ್ವಾರಸ್ಯಕರ.) 2000ದ ಮಾರ್ಚ್ 31ರಿಂದ ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯು ವರ್ಷಕ್ಕೆ ಶೇ. 4ರ ಏರಿಕೆಗೆ ಅವಕಾಶವಿತ್ತಿತು. ಮೂಲ ಬಾಡಿಗೆಯೇ ಅತ್ಯಲ್ಪವಾಗಿರುವಾಗ ಅದರ ಶೇ. 4 ಎಷ್ಟಾದೀತೆಂದು ಓದುಗರೇ ಲೆಕ್ಕ ಹಾಕಬಹುದು.

ಕಟ್ಟಡಗಳು ಕುಸಿಯತೊಡಗಿದಾಗ ಸರಕಾರವು 1969ರಲ್ಲಿ ದುರಸ್ತಿ ಮತ್ತು ಪುನರ್ನಿರ್ಮಾಣ ಮಂಡಳಿಯ ಕಾಯಿದೆಯನ್ನು ತಂದಿತು. ಈಗ ಆ ಮಂಡಳಿಯು ಮ್ಹಾಡಾದ ಅಂಗವಾಗಿದೆ. ಮಹಾನಗರಪಾಲಿಕೆಯು ಆಸ್ತಿ ತೆರಿಗೆಯೊಡನೆ ಉಪಕರವನ್ನು ವಸೂಲು ಮಾಡಿ ಮಂಡಳಿಗೆ ಒಪ್ಪಿಸುತ್ತದೆ. ಆರಂಭದಲ್ಲಿ ಇದರ ವ್ಯಾಪ್ತಿಗೆ ಬಂದ ಕಟ್ಟಡಗಳು 19,642. ಅವುಗಳಲ್ಲಿ 1940ರ ಸೆಪ್ಟೆಂಬರ್‌ಗೆ ಮುಂಚಿನ ‘ಎ’ ವರ್ಗದವು 16,502. 1950ರ ಕೊನೆಯವರೆಗಿನ ‘ಬಿ’ ವರ್ಗದವು 1,489. 1969ರ ಸೆಪ್ಟೆಂಬರ್ ಅಂತ್ಯದವರೆಗಿನ ‘ಸಿ’ ವರ್ಗದವು 1,651. ಇವುಗಳಲ್ಲಿ ಸುಮಾರು 13 ಸಾವಿರ ಕಟ್ಟಡಗಳು ಇನ್ನೂ ನಿಂತಿವೆ. ಸರಕಾರದ, ಪಾಲಿಕೆಯ ಹಾಗೂ ಸಹಕಾರಿ ಗೃಹನಿರ್ಮಾಣ ಸಂಘಗಳ ಕಟ್ಟಡಗಳಿಗೆ ಈ ಉಪಕರವಿಲ್ಲ. ಉಪನಗರಗಳಿಗೂ ಇದು ಅನ್ವಯಿಸದು. ನಿಮ್ಮ ಕಟ್ಟಡ ಯಾವ ವರ್ಗದ್ದೆಂಬುದನ್ನು ಮಂಡಳಿಯ ವಾರ್ಡ್ ಕಚೇರಿಯಲ್ಲಿ ವಿಚಾರಿಸಬಹುದು.

ದುರಸ್ತಿಗೆ ಮಾಲಕರೇ ಅರ್ಜಿ ಹಾಕಬೇಕೆಂಬ ನಿಯಮವಿಲ್ಲ; ಬಾಡಿಗೆದಾರರೂ ವಾರ್ಡಿನ ಕಾರ್ಯನಿರ್ವಾಹಕ ಅಭಿಯಂತರರಿಗೆ ಲಿಖಿತ ಮನವಿ ಸಲ್ಲಿಸಬಹುದು. ಒಬ್ಬೊಬ್ಬರೇ ಬರೆಯುವುದಕ್ಕಿಂತ ಎಲ್ಲ ಖೋಲಿಗಳವರೂ ಸಹಿ ಮಾಡಿದ ಒಂದೇ ಮನವಿ ಲೇಸು. ಯಾವ ಮಾಳಿಗೆಯ ಯಾವ ತೊಲೆ ಜಗ್ಗಿದೆ, ಯಾವ ಶೌಚಾಲಯದ ಗೋಡೆ ಸೋರುತ್ತಿದೆ ಎಂಬುದನ್ನು ಛಾಯಾಚಿತ್ರ ಸಹಿತ ತಿಳಿಸಿ, ಪ್ರತಿಯ ಮೇಲೆ ಕಚೇರಿಯ ಮುದ್ರೆಯನ್ನೂ ತಾರೀಕನ್ನೂ ಪಡೆಯಬೇಕು. ಮಂಡಳಿಯು ಪರಿಶೀಲಿಸಿ, ಅಂದಾಜುಪಟ್ಟಿ ತಯಾರಿಸಿ, ಟೆಂಡರ್ ಕರೆದು ಕೆಲಸ ಮಾಡಿಸುತ್ತದೆ.

ಇಲ್ಲಿಯೇ ದೊಡ್ಡ ತೊಡಕಿರುವುದು. ಚದರ ಮೀಟರಿಗೆ ಇಷ್ಟು ರೂಪಾಯಿಯವರೆಗೆ ಮಾತ್ರ ಮಂಡಳಿ ವೆಚ್ಚ ಮಾಡಬಹುದೆಂಬ ಮಿತಿಯುಂಟು. ಸರಕಾರವು ಅದನ್ನು ಆಗಾಗ ಏರಿಸಿದೆಯಾದರೂ ಸಿಮೆಂಟು, ಉಕ್ಕಿನ ಬೆಲೆಯೊಡನೆ ಅದೆಂದೂ ಹೆಜ್ಜೆ ಹಾಕಿಲ್ಲ. ಅಂದಾಜು ಈ ಮಿತಿಯನ್ನು ಮೀರಿದರೆ ಹೆಚ್ಚಿನ ಮೊತ್ತವನ್ನು ನಿವಾಸಿಗಳು ಭರಿಸಬೇಕು. ಒಪ್ಪದಿದ್ದಲ್ಲಿ ಕಟ್ಟಡವು ದುರಸ್ತಿಗೆ ಯೋಗ್ಯವಲ್ಲವೆಂಬ ತೀರ್ಮಾನವಾಗಬಹುದು. ತೊಲೆಯೊಂದು ಜಗ್ಗಿದಾಗಲೇ ಸಲ್ಲಿಸಿದ ಅರ್ಜಿ ಮಿತಿಯೊಳಗೆ ಮುಗಿಯುತ್ತದೆ. ಹತ್ತು ಮಳೆಗಾಲ ಕಳೆದು ಮಾಳಿಗೆಯೇ ಇಳಿದಾಗ ಸಲ್ಲಿಸಿದ ಅರ್ಜಿ ಕುಟುಂಬಗಳನ್ನು ಸಂಕ್ರಮಣ ಶಿಬಿರಕ್ಕೆ, ಅಂದರೆ ಟ್ರಾನ್ಸಿಟ್ ಕ್ಯಾಂಪಿಗೆ ಒಯ್ಯುತ್ತದೆ. ಅಲ್ಲಿಂದ ಸ್ವಂತ ಕಟ್ಟಡಕ್ಕೆ ಮರಳಲು ದಶಕಗಳೇ ಹಿಡಿದ ಕುಟುಂಬಗಳುಂಟು. ಹೆದರಿ ಹೊರಡದೆ ಕುಳಿತರೆ ಆಗುವುದೇನೆಂಬುದನ್ನು 2017ರ ಆಗಸ್ಟಿನಲ್ಲಿ ಭೇಂಡಿ ಬಜಾರಿನ ಹುಸೈನಿ ಕಟ್ಟಡ, 2019ರ ಜುಲೈಯಲ್ಲಿ ಡೋಂಗ್ರಿಯ ಕೇಸರಬಾಯಿ ಕಟ್ಟಡ, 2020ರ ಜುಲೈಯಲ್ಲಿ ಫೋರ್ಟಿನ ಭಾನುಶಾಲಿ ಕಟ್ಟಡ ತೋರಿಸಿಕೊಟ್ಟಿವೆ. ಮಳೆಗಾಲಕ್ಕೆ ಮುನ್ನ ಮಂಡಳಿ ಪ್ರಕಟಿಸುವ ಅತ್ಯಂತ ಅಪಾಯಕಾರಿ ಕಟ್ಟಡಗಳ ಪಟ್ಟಿಯನ್ನು ಪ್ರತಿವರ್ಷ ನೋಡಬೇಕು. ಖೋಲಿ ತೊರೆದರೆ ಹಕ್ಕೂ ಹೋಯಿತೆಂಬ ಭಯ ಬೇಡ. ಕಟ್ಟಡ ನೆಲಸಮವಾದರೂ ಬಾಡಿಗೆ ಹಕ್ಕು ಅಳಿಯದೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪಿತ್ತಿದೆ.

ಆದರೆ ಹಕ್ಕು ಯಾರದು? ನಾವು ಕಂಡಂತೆ ಹೆಚ್ಚಿನ ಮನೆಗಳು ಸೋಲುವುದು ಈ ಪ್ರಶ್ನೆಯೆದುರು. ಬಾಡಿಗೆ ರಶೀದಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿರುತ್ತದೆ. ಕಾಯಿದೆಯ ಪ್ರಕಾರ ಬಾಡಿಗೆದಾರರು ಮೃತರಾದಾಗ ಅವರೊಡನೆ ಅದೇ ಮನೆಯಲ್ಲಿ ವಾಸಿಸುತ್ತಿದ್ದ ಕುಟುಂಬದ ಸದಸ್ಯರಿಗೆ ಹಕ್ಕು ಸಲ್ಲುತ್ತದೆ. ಅಂಥವರು ಇಲ್ಲದಿದ್ದರೆ ಮಾತ್ರ ಇತರ ವಾರಸುದಾರರಿಗೆ. ಊರಿನ ಭೂಮಿಯಂತೆ ಇದನ್ನು ಅಣ್ಣತಮ್ಮಂದಿರು ಸಮಪಾಲು ಮಾಡಿಕೊಳ್ಳಲಾಗದು. ಊರಿನಲ್ಲಿರುವ ಅಣ್ಣನಿಗೂ ಖೋಲಿಯಲ್ಲಿ ತಂದೆತಾಯಿಗಳ ಸೇವೆ ಮಾಡಿದ ತಮ್ಮನಿಗೂ ಇದರಿಂದ ಹುಟ್ಟುವ ಮನಸ್ತಾಪವನ್ನು ಕಟ್ಟಡ ಗಟ್ಟಿಯಾಗಿರುವಾಗಲೇ ಬಗೆಹರಿಸಿಕೊಂಡು, ಮಾಲಕರಿಂದ ರಶೀದಿಯನ್ನು ವರ್ಗಾಯಿಸಿಕೊಳ್ಳುವುದು ಉತ್ತಮ. ಒಪ್ಪಂದವಾಗದಿದ್ದರೆ ಸ್ಮಾಲ್ ಕಾಸಸ್ ಕೋರ್ಟೇ ಗತಿ. ರೇಷನ್ ಕಾರ್ಡು, ಮತದಾರರ ಪಟ್ಟಿ, ಬೆಸ್ಟ್ ಸಂಸ್ಥೆಯ ವಿದ್ಯುತ್ ಬಿಲ್ಲುಗಳು ವಾಸಕ್ಕೆ ಸಾಕ್ಷಿ. ರಶೀದಿ ಕೊಡುವುದು ಮಾಲಕರ ಕರ್ತವ್ಯ. ಬಾಡಿಗೆ ಸ್ವೀಕರಿಸದಿದ್ದರೆ ಚೆಕ್ಕನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ಪುರಾವೆ ಇಟ್ಟುಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ. ನಿವೃತ್ತರಾಗಿ ಖೋಲಿಗೆ ಬೀಗವಿಕ್ಕಿ ಊರು ಸೇರಿದವರು ನಮ್ಮಲ್ಲಿ ಕಡಿಮೆಯಿಲ್ಲ. ಸಕಾರಣವಿಲ್ಲದೆ ಸತತ ಆರು ತಿಂಗಳು ಮನೆಯನ್ನು ಬಳಸದಿದ್ದರೆ ಅದೊಂದೇ ಆಧಾರದಿಂದ ಮಾಲಕರು ತೆರವಿನ ದಾವೆ ಹೂಡಬಹುದು.

ದುರಸ್ತಿಗೆ ಮೀರಿದ ಕಟ್ಟಡಗಳಿಗೆ ಅಭಿವೃದ್ಧಿ ನಿಯಂತ್ರಣ ನಿಯಮ 33(7)ರಂತೆ ಪುನರಭಿವೃದ್ಧಿಯ ದಾರಿಯುಂಟು. ಬಾಡಿಗೆದಾರರಿಗೆ ಕನಿಷ್ಠ 300 ಚದರಡಿ ಕಾರ್ಪೆಟ್ ವಿಸ್ತೀರ್ಣದ ಮನೆ ಸ್ವಂತಕ್ಕೆ ದೊರೆಯುತ್ತದೆ. ಅರ್ಹರ ಪಟ್ಟಿಯನ್ನು ಮಂಡಳಿ ಪ್ರಮಾಣೀಕರಿಸುತ್ತದೆ. 1996ರ ಜೂನ್ 13ರ ನಂತರ ಹುಟ್ಟಿದ ಹೊಸ ಬಾಡಿಗೆ ಒಪ್ಪಂದಗಳಿಗೆ ಅದರಲ್ಲಿ ಸ್ಥಾನವಿಲ್ಲ. ಮ್ಹಾಡಾ ಕಾಯಿದೆಗೆ ಸೇರಿಸಿದ 79-ಎ ಕಲಮಿನ ಪ್ರಕಾರ, ಅಪಾಯಕಾರಿಯೆಂದು ಘೋಷಿತವಾದ ಕಟ್ಟಡದ ಮಾಲಕರು ಆರು ತಿಂಗಳೊಳಗೆ ಶೇ. 51ರ ಸಮ್ಮತಿಯೊಡನೆ ಯೋಜನೆ ಸಲ್ಲಿಸದಿದ್ದರೆ ಬಾಡಿಗೆದಾರರ ಸಂಘಕ್ಕೆ ಆರು ತಿಂಗಳ ಅವಕಾಶ, ಆ ಬಳಿಕ ಸ್ವತಃ ಮ್ಹಾಡಾ. ಈ ನೋಟಿಸುಗಳ ತಕರಾರು 2025ರಲ್ಲಿ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿದೆ; ಆದ್ದರಿಂದ ನೋಟಿಸು ಬಂದವರು ವಕೀಲರನ್ನು ಕಂಡೇ ಮುಂದುವರಿಯಬೇಕು. ಸ್ವಂತ ಮನೆಯಾದ ಮೇಲೆ ಲಿಫ್ಟು, ನೀರು, ಕಾವಲುಗಾರರ ಖರ್ಚು ಪ್ರತಿ ತಿಂಗಳೂ ಬರುತ್ತದೆ. ಹಳೆಯ ಬಾಡಿಗೆಯ ಹಲವು ಪಟ್ಟಾಗುವ ಈ ವೆಚ್ಚಕ್ಕೆ ಮೂಲನಿಧಿ ಎಷ್ಟಿಡುತ್ತಾರೆಂದು ಬಿಲ್ಡರನ್ನು ಕೇಳಿ, ನೋಂದಾಯಿತ ಕರಾರಿನಲ್ಲೇ ಬರೆಯಿಸಿಕೊಳ್ಳಬೇಕು. ಪಿಂಚಣಿಯ ಮೇಲೆ ಬದುಕುವವರಿಗೆ ಚದರಡಿಗಿಂತ ಇದು ಮುಖ್ಯವೆಂದು ನಮ್ಮ ಅಭಿಪ್ರಾಯ.

ನೆಲಮಾಳಿಗೆಯ ಅಂಗಡಿ, ಹೋಟೆಲುಗಳ ಬಾಡಿಗೆದಾರರೂ ಪುನರಭಿವೃದ್ಧಿಯಲ್ಲಿ ಜಾಗಕ್ಕೆ ಅರ್ಹರು. ಆದರೆ ‘ಕಂಡಕ್ಟಿಂಗ್’ ಕರಾರಿನ ಮೇಲೆ ಹೋಟೆಲು ನಡೆಸುವ ನಮ್ಮ ಬಂಧುಗಳು ಕಾನೂನಿನ ದೃಷ್ಟಿಯಲ್ಲಿ ಬಾಡಿಗೆದಾರರಲ್ಲ; ಹೊಸ ಮಳಿಗೆಯು ರಶೀದಿಯಲ್ಲಿ ಹೆಸರಿರುವವರಿಗೇ ಹೋಗುತ್ತದೆ. 1973ರ ಫೆಬ್ರವರಿ 1ಕ್ಕೆ ಸ್ವಾಧೀನದಲ್ಲಿದ್ದ ಪರವಾನಗಿದಾರರನ್ನು ಬಾಡಿಗೆದಾರರೆಂದು ಕಾನೂನು ಮಾನ್ಯ ಮಾಡಿತ್ತು. ಹಿರಿಯರ ಕಾಲದಿಂದ ಅದೇ ಜಾಗದಲ್ಲಿರುವವರು ಆ ತಾರೀಕಿಗೆ ಮುಂಚಿನ ಲೈಸೆನ್ಸು, ತೆರಿಗೆ ಕಾಗದಗಳೇನಾದರೂ ಪೆಟ್ಟಿಗೆಯಲ್ಲಿವೆಯೇ ಎಂದು ಹುಡುಕಿ ನೋಡಬೇಕು.