ಜಪಾನಿನ ಊಟ: ತೊಡಕಿರುವುದು ಸಾರಿನಲ್ಲಿ

ಕಾರ್ಕಳದ ಪಕ್ಕದ ಕುಕ್ಕುಂದೂರಿನಂಥ ಊರಿನಿಂದ ಮೊದಲ ಸಲ ಜಪಾನಿಗೆ ಹೊರಟ ಸಸ್ಯಾಹಾರಿಗೆ ನೆಂಟರಿಷ್ಟರು ಹೇಳುವ ಬುದ್ಧಿಮಾತು ಒಂದೇ: ಅವಲಕ್ಕಿ, ಉಪ್ಪಿನಕಾಯಿ ಕಟ್ಟಿಕೋ, ಅಲ್ಲಿ ತಿನ್ನಲು ಏನೂ ಸಿಗದು. ಈ ಮಾತು ಅರ್ಧ ನಿಜ. ಉಳಿದರ್ಧ ತಿಳಿಯಬೇಕಾದರೆ ಇತಿಹಾಸದ ಕಡೆ ತಿರುಗಬೇಕು.

ಕನ್ನಡಿಗರಿಗೆ ಜಪಾನ್ ಹೊಸ ದೇಶವಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲೇ ಅಲ್ಲಿಗೆ ಹೋಗಿ, ಆ ದೇಶದ ಕೈಗಾರಿಕೆ ಮತ್ತು ಶಿಕ್ಷಣದ ಪ್ರಗತಿಯನ್ನು ಕಂಡು ಬೆರಗಾಗಿದ್ದರು. ಆ ವೇಳೆಗೆ ಜಪಾನಿನ ಅಡುಗೆಮನೆಯೂ ಬದಲಾಗತೊಡಗಿತ್ತು.

ಕ್ರಿ.ಶ. 675ರಲ್ಲಿ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ ಮತ್ತು ಕೋಳಿಯ ಮಾಂಸವನ್ನು ಬೇಸಾಯದ ತಿಂಗಳುಗಳಲ್ಲಿ ನಿಷೇಧಿಸಿದ. ಬೌದ್ಧಧರ್ಮದ ಅಹಿಂಸೆ ಇದಕ್ಕೆ ಒಂದು ಕಾರಣ. ಗದ್ದೆಯ ದುಡಿಮೆಗೆ ಬೇಕಾದ ಪ್ರಾಣಿಗಳ ರಕ್ಷಣೆ ಇನ್ನೊಂದು ಎನ್ನುತ್ತಾರೆ. ಮುಂದೆಯೂ ಇಂಥ ಆಜ್ಞೆಗಳು ಬಂದವು. ಬೇಟೆಯ ಮಾಂಸ ಪೂರ್ತಿ ನಿಲ್ಲದಿದ್ದರೂ ನಾಲ್ಕು ಕಾಲಿನ ಪ್ರಾಣಿಯನ್ನು ತಿನ್ನುವುದು ಹೇಸಿಗೆಯೆಂಬ ಭಾವನೆ ಶತಮಾನಗಳ ಕಾಲ ಬೇರೂರಿತ್ತು. 1872ರಲ್ಲಿ ಮೇಜಿ ಚಕ್ರವರ್ತಿಯೇ ದನದ ಮಾಂಸ ತಿಂದ ಸುದ್ದಿ ಪ್ರಕಟವಾದ ಮೇಲೆ ಆ ಕಟ್ಟು ಸಡಿಲಿತು.

ಆದರೆ 675ರ ಆಜ್ಞೆಯಲ್ಲಿ ಮೀನಿನ ಹೆಸರಿರಲಿಲ್ಲ. ಸಸ್ಯಾಹಾರಿಯ ತೊಡಕು ಇಲ್ಲೇ ಇದೆ. ಜಪಾನಿನ ಸಾರು, ಪಲ್ಯಗಳಿಗೆಲ್ಲ ಬುನಾದಿ ‘ದಾಶಿ’ ಎಂಬ ತಿಳಿರಸ. ಟ್ಯೂನಾ ಜಾತಿಯ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಮರದ ತುಂಡಿನಷ್ಟು ಗಟ್ಟಿಯಾಗುವಂತೆ ಒಣಗಿಸಿ, ಹೆರೆದು ಬಿಸಿನೀರಿಗೆ ಹಾಕುತ್ತಾರೆ. ಜೊತೆಗೆ ‘ಕೊಂಬು’ ಎಂಬ ಕಡಲಕಳೆ. ಒಣಮೀನಿನ ಚಟ್ನಿ ತಿಂದು ಬೆಳೆದ ಕರಾವಳಿಯವರಿಗೆ ಇದು ಅಪರಿಚಿತ ರುಚಿಯೇನಲ್ಲ. ಸಸ್ಯಾಹಾರಿಗೆ ಮಾತ್ರ ಬಟ್ಟಲಿನಲ್ಲಿ ಕಾಣುವುದು ಬರೀ ತೋಫು, ಈರುಳ್ಳಿ ಎಲೆ. ಮೀನು ಕಣ್ಣಿಗೆ ಬೀಳುವುದಿಲ್ಲ.

ಇದೇ ಕೊಂಬಿನಿಂದ 1908ರಲ್ಲಿ ರಸಾಯನ ವಿಜ್ಞಾನಿ ಕಿಕುನಾಯೆ ಇಕೆದಾ ಗ್ಲುಟಮೇಟನ್ನು ಬೇರ್ಪಡಿಸಿ, ಅದರ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು. ಮರುವರ್ಷ ಅದು ಪುಡಿಯಾಗಿ ಮಾರುಕಟ್ಟೆಗೆ ಬಂತು. ಗೋಬಿ ಮಂಚೂರಿಯ ಗಾಡಿಗಳಿಂದ ನಮಗೆ ಪರಿಚಯವಾದ ಅಜಿನೊಮೊಟೊ ಅದೇ.

ಹಾಗಾದರೆ ಮೀನಿಲ್ಲದ ದಾಶಿ ಇಲ್ಲವೇ? ಇದೆ. ಬೌದ್ಧ ಮಠಗಳ ‘ಶೋಜಿನ್ ರ‍್ಯೋರಿ’ ಎಂಬ ಅಡುಗೆಯಲ್ಲಿ ಕೊಂಬು ಮತ್ತು ಒಣ ಅಣಬೆಯ ದಾಶಿಯೇ ಆಧಾರ. ಮೀನು, ಮಾಂಸ, ಈರುಳ್ಳಿ, ಬೆಳ್ಳುಳ್ಳಿ ಅಲ್ಲಿ ವರ್ಜ್ಯ. ಜೆನ್ ಗುರು ದೋಗೆನ್ 1237ರಲ್ಲಿ ಮಠದ ಅಡುಗೆಯವನಿಗಾಗಿಯೇ ಒಂದು ಗ್ರಂಥ ಬರೆದ. ಅಕ್ಕಿಯ ಒಂದು ಕಾಳೂ ಹಾಳಾಗಬಾರದೆಂಬ ಎಚ್ಚರಿಕೆ ಅದರಲ್ಲಿದೆ. 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಕಾರ್ಕಳದ ಜೈನರ ಅಡುಗೆಮನೆಗೆ ಈ ನೇಮಗಳು ದೂರದವಲ್ಲ. ಒಂದು ವ್ಯತ್ಯಾಸವುಂಟು: ಗೆಡ್ಡೆಗೆಣಸು ಬಿಟ್ಟವರು ಅಲ್ಲಿಯೂ ಕೇಳಿಯೇ ತಿನ್ನಬೇಕು, ಏಕೆಂದರೆ ಮೂಲಂಗಿ, ಕ್ಯಾರೆಟ್ ಮಠದ ಊಟದಲ್ಲಿ ಸಾಮಾನ್ಯ.

ಆದ್ದರಿಂದ ಮೊದಲ ಸಲ ಹೋಗುವವರು “ಮಾಂಸ ಇದೆಯೇ?” ಎಂದಷ್ಟೇ ಕೇಳಿದರೆ ಸಾಲದು. “ದಾಶಿ ಯಾವುದರದ್ದು?” ಎಂದು ಕೇಳಬೇಕು. ಆ ಒಂದು ಪ್ರಶ್ನೆ ಕಲಿತವನಿಗೆ ಉಪವಾಸದ ಭಯ ಅಷ್ಟಾಗಿ ಇರದು. ಬೆಳಗಿನ ಹೊತ್ತು ‘ಒಕಾಯು’ ಎಂಬ ಅನ್ನದ ಗಂಜಿಯೂ, ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿದ ‘ಉಮೆ’ ಕಾಯಿಯೂ ಎದುರಿಗೆ ಬಂದರೆ, ಕುಚ್ಚಲಕ್ಕಿ ಗಂಜಿ ಮತ್ತು ಮಿಡಿ ಉಪ್ಪಿನಕಾಯಿ ತಿಂದು ಬೆಳೆದವರಿಗೆ ಊರು ಅಷ್ಟೊಂದು ದೂರವೆನಿಸುವುದಿಲ್ಲ.