ಎರಡು ಹೊಳೆ, ಮೂರು ಗೆರೆ: ಮಂದ್ರೂಪದ ಮತಕ್ಷೇತ್ರ

ಸೊಲ್ಲಾಪುರದಿಂದ ವಿಜಯಪುರದ ಹಾದಿ ಹಿಡಿದರೆ ವಡಕಬಾಳದಲ್ಲಿ ಸೀನಾ, ಟಾಕಳಿಯಲ್ಲಿ ಭೀಮಾ ಅಡ್ಡ ಬರುತ್ತವೆ. ಇವೆರಡರ ನಡುವಿನ ಊರು ಮಂದ್ರೂಪ. ಭೀಮೆಯ ಆಚೆ ದಂಡೆಗೆ ಕರ್ನಾಟಕದ ಧೂಳಖೇಡ, ಈಚೆಗೆ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ ತಾಲೂಕು. ತಾಲೂಕಿನ ಕೇಂದ್ರ ಕಚೇರಿ ಇರುವುದು ಮಾತ್ರ ಸೊಲ್ಲಾಪುರ ನಗರದಲ್ಲಿ. ಊರ ಚರಿತ್ರೆ ಬರೆಯುವವರು ಗುಡಿ, ಮಠ, ಜಾತ್ರೆಗಳನ್ನು ಬರೆದಿಡುತ್ತಾರೆ, ಮತಕ್ಷೇತ್ರದ ಗೆರೆಯನ್ನು ಬಿಟ್ಟುಬಿಡುತ್ತಾರೆ. ಕಣ್ಣಿಗೆ ಕಾಣದ ಈ ಗೆರೆ ಬದಲಾದರೆ ಹಳೆಯದು ಹೇಗಿತ್ತೆಂದು ಹತ್ತು ವರ್ಷದಲ್ಲಿ ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ಬರೆದಿಡಬೇಕು.

2008ರ ಮತಕ್ಷೇತ್ರ ಪುನರ್ವಿಂಗಡಣೆ ಈ ಸೀಮೆಗೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡಿತು. ಪಂಢರಪುರ ಲೋಕಸಭಾ ಕ್ಷೇತ್ರ ರದ್ದಾಯಿತು, ಮಾಢಾ ಹೊಸದಾಗಿ ಹುಟ್ಟಿತು, ಸೊಲ್ಲಾಪುರ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಅರಸ ಬಿಜ್ಜಳನ ಮಂಗಳವೇಢೆ ಅಲ್ಲಿಯವರೆಗೆ ಪಂಢರಪುರದ ಪಾಲಿನಲ್ಲಿತ್ತು. ಈಗ ಅದು ಸೊಲ್ಲಾಪುರಕ್ಕೆ ಬಂದು ಮಂದ್ರೂಪ, ಅಕ್ಕಲಕೋಟೆಗಳ ಜೊತೆ ಸೇರಿತು. ಕನ್ನಡದ ಮೂರು ಹಳೆಯ ನೆಲೆಗಳು ಒಬ್ಬನೇ ಸಂಸದನ ಕೆಳಗೆ ಬಂದದ್ದು ದೊಡ್ಡ ಲಾಭ. ವಿಧಾನಸಭೆಯ ಲೆಕ್ಕದಲ್ಲಿ ಮಾತ್ರ ತಾಲೂಕೇ ಒಡೆಯಿತು. ವಳಸಂಗ, ಮುಸ್ತಿ ಭಾಗದ ಹಳ್ಳಿಗಳು 250ನೇ ಕ್ಷೇತ್ರ ಅಕ್ಕಲಕೋಟೆಗೆ ಹೋದವು. ಮಂದ್ರೂಪ 251ನೇ ದಕ್ಷಿಣ ಸೊಲ್ಲಾಪುರದಲ್ಲಿ ಉಳಿಯಿತು, ಮಹಾನಗರಪಾಲಿಕೆಯ ಕೆಲವು ವಾರ್ಡುಗಳ ಜೊತೆಗೆ. ನೀರು ಬತ್ತಿದ ಬಾವಿಯ ಮಾತೂ ನಗರದ ಚರಂಡಿಯ ಮಾತೂ ಒಬ್ಬನೇ ಶಾಸಕನ ಕಿವಿಗೆ ಬಿದ್ದರೆ ಯಾವುದು ಮೊದಲು ಕೇಳಿಸೀತು?

ವಳಸಂಗ ಅಕ್ಕಲಕೋಟೆಯ ರಸ್ತೆಯ ಮೇಲಿದೆ, ಸೀನಾ ನದಿ ನಡುವೆ ಬರುತ್ತದೆ, ಜನಸಂಖ್ಯೆಯೂ ಸರಿದೂಗಬೇಕು, ಹಾಗಾಗಿ ತಾಲೂಕು ಒಡೆದದ್ದು ಸರಿ ಎಂದು ಹೇಳುವವರಿದ್ದಾರೆ. ಅದರಲ್ಲಿ ಹುರುಳಿದೆ. 2002ರ ಪುನರ್ವಿಂಗಡಣೆ ಕಾಯ್ದೆ ಭೂಲಕ್ಷಣ, ಆಡಳಿತದ ಗಡಿ, ಸಂಚಾರ ಸೌಕರ್ಯಗಳನ್ನು ಗಮನಿಸಲು ಹೇಳುತ್ತದೆ. ಭಾಷೆಯ ಹೆಸರೇ ಅಲ್ಲಿಲ್ಲ. ಆದರೆ ಅದೇ ಸಾಲಿನಲ್ಲಿ ಸಾರ್ವಜನಿಕ ಅನುಕೂಲವೂ ಇದೆ. ಕನ್ನಡ ಶಾಲೆಗೆ ಶಿಕ್ಷಕರು ಬೇಕೆಂದು ಕೇಳುವ ಹಳ್ಳಿಗಳ ದನಿ ಎರಡು ಕ್ಷೇತ್ರಗಳಲ್ಲಿ ಹಂಚಿಹೋದರೆ ಅದು ಯಾರ ಅನುಕೂಲ? ಇದು ಎರಡು ರಾಜ್ಯಗಳ ಗಡಿ ತಂಟೆಯನ್ನು ಮತ್ತೆ ಕೆದಕುವ ಮಾತಲ್ಲವೇ ಎಂಬ ಆಕ್ಷೇಪವೂ ಬರುತ್ತದೆ. ಆ ತಂಟೆಯ ಬಗೆಗಿನ 1967ರ ಮಹಾಜನ ಆಯೋಗದ ವರದಿ ಅಕ್ಕಲಕೋಟೆ ತಾಲೂಕನ್ನೂ ದಕ್ಷಿಣ ಸೊಲ್ಲಾಪುರದ 65 ಹಳ್ಳಿಗಳನ್ನೂ ಕರ್ನಾಟಕಕ್ಕೆ ಶಿಫಾರಸು ಮಾಡಿತ್ತು. ಆ ವ್ಯಾಜ್ಯದ ದಾರಿ ಬೇರೆ. ಮತಕ್ಷೇತ್ರ ರಾಜ್ಯದೊಳಗಿನ ಗೆರೆ, ಅದನ್ನು ತಿದ್ದಿದರೆ ಯಾವ ರಾಜ್ಯದ ಒಂದಿಂಚು ನೆಲವೂ ಕದಲುವುದಿಲ್ಲ.

ಇಲ್ಲಿ ಕನ್ನಡ, ಮರಾಠಿ ಬೆರೆತುಹೋಗಿರುವಾಗ ಭಾಷೆಯ ಮಾತೇಕೆ ಎನ್ನುವವರು ಹತ್ತರಸಂಗ ಕೂಡಲಕ್ಕೆ ಹೋಗಬೇಕು. ಸೀನಾ ಭೀಮೆಯನ್ನು ಕೂಡುವ ಜಾಗ. ಕೂಡಲ ಎಂಬ ಹೆಸರೇ ಅಚ್ಚಗನ್ನಡ. ಅಲ್ಲಿನ ಸಂಗಮೇಶ್ವರ ಗುಡಿಯ ತೊಲೆಯ ಮೇಲೆ ಶಕ 940ರ, ಅಂದರೆ ಕ್ರಿ.ಶ. 1018ರ ಶಾಸನವಿದೆ. ಓದಿದವನು ವಿಜಯಿಯಾಗಲಿ ಎಂದು ಹರಸುವ ಅದರ ಸಾಲನ್ನು ಕೆಲವು ಮರಾಠಿ ವಿದ್ವಾಂಸರು ತಮ್ಮ ಭಾಷೆಯ ಅತ್ಯಂತ ಹಳೆಯ ಬರಹವೆಂದು ಎಣಿಸುತ್ತಾರೆ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿಯ ಮರಾಠಿ ಸಾಲಿಗೂ ಇದಕ್ಕೂ ಹಿರಿತನದ ತಕರಾರಿದೆ. ತಕರಾರು ಏನೇ ಇರಲಿ, ಕನ್ನಡ ಹೆಸರಿನ ಊರು ಮರಾಠಿಯ ಮೊದಮೊದಲ ಅಕ್ಷರಗಳನ್ನು ಸಾವಿರ ವರ್ಷ ಕಾಪಾಡಿದೆ. ಆ ಊರಿನ ಮಕ್ಕಳಿಗೆ ಕನ್ನಡದ ಅಕ್ಷರ ಕೇಳಿದರೆ ಮರಾಠಿಗೆ ಕುಂದಾಗುವುದೆಲ್ಲಿ?

ಹೊಸ ಪುನರ್ವಿಂಗಡಣೆಗೆ 2026ರ ನಂತರದ ಮೊದಲ ಜನಗಣತಿ ಬೇಕು. ಆಗ ಪುನರ್ವಿಂಗಡಣಾ ಆಯೋಗ ಕರಡು ಪ್ರಕಟಿಸಿ ಆಕ್ಷೇಪಗಳನ್ನು ಕರೆಯುತ್ತದೆ, ಬಹಿರಂಗ ಸಭೆ ನಡೆಸುತ್ತದೆ. ನಗರದ ವಾರ್ಡುಗಳನ್ನು ನಗರದ ಕ್ಷೇತ್ರಗಳಿಗೇ ಸೇರಿಸಿ, ವಳಸಂಗ ಮಂದ್ರೂಪಗಳನ್ನು ಒಂದೇ ಕ್ಷೇತ್ರದಲ್ಲಿಡಿ, ಮಂಗಳವೇಢೆಯನ್ನು ಸೊಲ್ಲಾಪುರದಿಂದ ಬಿಡಿಸಬೇಡಿ ಎಂಬ ಅರ್ಜಿ, ಹಳ್ಳಿಗಳ ಪಟ್ಟಿಯ ಸಮೇತ, ಗ್ರಾಮಪಂಚಾಯಿತಿಗಳ ಠರಾವಿನೊಂದಿಗೆ ಆ ಹೊತ್ತಿಗೆ ಸಿದ್ಧವಿರಬೇಕು.