ಒಡೆಯನಿಲ್ಲದವನ ಆರೋಗ್ಯ

ಹಳೆಯ ಮನೆಯನ್ನು ಕೊಳ್ಳುವ ಮುನ್ನ ಅನುಭವಸ್ಥನಾದ ಮೇಸ್ತ್ರಿಯೊಬ್ಬನನ್ನು ಕರೆದೊಯ್ದು ತೋರಿಸುವ ರೂಢಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆ ಇಂದಿಗೂ ಉಂಟು. ಆತ ಗೋಡೆಯನ್ನು ತಟ್ಟಿ ನೋಡುತ್ತಾನೆ. ತೊಲೆ ಜಂತೆಗಳಿಗೆ ಗೆದ್ದಲು ಹಿಡಿದಿದೆಯೇ, ತಳಪಾಯ ಕುಸಿದಿದೆಯೇ, ಮಳೆಯ ನೀರು ಎಲ್ಲಿ ಇಳಿಯುತ್ತದೆ ಎಂಬುದನ್ನು ಹೇಳುತ್ತಾನೆ. ಇದೇ ಕೆಲಸವನ್ನು ಸ್ವತಂತ್ರವಾಗಿ ಮಾಡುವ ಇಂಜಿನಿಯರುಗಳೂ ಇದ್ದಾರೆ. ಅಮೆರಿಕದಲ್ಲಿ ಇದು ಗೃಹಪರೀಕ್ಷಕನ ವೃತ್ತಿಯೆಂದೇ ಬೇರೆಯಾಗಿ ಬೆಳೆದಿದೆ. ಹೆಸರು ಏನೇ ಇರಲಿ, ಇವರೆಲ್ಲರಿಗೂ ಸಮಾನವಾದ ಲಕ್ಷಣ ಒಂದುಂಟು: ಇವರಿಗೆ ಒಡೆಯನಿಲ್ಲ, ತಿಂಗಳ ಸಂಬಳವಿಲ್ಲ. ಮನೆಯ ರೋಗವನ್ನು ಕಂಡುಹಿಡಿಯಬಲ್ಲ ಇಂಥವನು ತಾನೇ ರೋಗಿಯಾಗಿ ಮಲಗಿದರೆ ಆ ಭಾರವನ್ನು ಹೊರುವವರು ಯಾರು? ಈ ಪ್ರಶ್ನೆಗೆ ನಮ್ಮ ನಾಡಿನ ಇತಿಹಾಸ ಏನು ಉತ್ತರ ಕೊಟ್ಟಿದೆಯೆಂಬುದನ್ನು ಸ್ವಲ್ಪ ವಿಚಾರಮಾಡೋಣ.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಬೈಚೋಜ, ಮಲ್ಲಿತಮ್ಮ ಎಂಬ ರೂವಾರಿಗಳು ತಮ್ಮ ಹೆಸರನ್ನು ಅಲ್ಲಿಯ ಶಿಲ್ಪಗಳ ಕೆಳಗೆ ಕೆತ್ತಿ ಉಳಿಸಿದ್ದಾರೆ. ಅವರ ಕೈಗೆ ಪೆಟ್ಟಾದಾಗ, ಕಣ್ಣು ಮಂಜಾದಾಗ ಅವರನ್ನು ಸಾಕಿದವರು ಯಾರೆಂಬುದನ್ನು ಆ ಕಲ್ಲು ಹೇಳುವುದಿಲ್ಲ. ಆದರೆ ಶಾಸನಗಳನ್ನು ಓದುವವರಿಗೆ ‘ನೆತ್ತರುಗೊಡಗಿ’ ಎಂಬ ಮಾತು ಪರಿಚಿತವಾದುದು. ಯುದ್ಧದಲ್ಲಿ ಮಡಿದ ವೀರನ ಮನೆಯವರಿಗೆ ಕೊಟ್ಟ ಭೂಮಿ ಅದು. ವಿಮೆಯೆಂಬ ಪದ ಹುಟ್ಟುವ ಮುನ್ನವೇ ವಿಮೆಯ ತತ್ತ್ವ ಇಲ್ಲಿತ್ತು. ಆದರೆ ಅದು ಒಡೆಯನಿಗಾಗಿ ನೆತ್ತರು ಸುರಿಸಿದವನಿಗೆ ಸಂದ ಫಲ. ಹಳ್ಳಿಯ ಬಡಗಿ, ಕಮ್ಮಾರ, ಕುಂಬಾರರಿಗೆ ಸುಗ್ಗಿಯ ಕಣದಲ್ಲಿ ‘ಆಯ’ದ ಕಾಳು ಸಲ್ಲುತ್ತಿತ್ತು, ಊರೇ ಅವರ ಒಡೆಯ. ಆ ಆಸರೆಗೂ ಬೆಲೆಯಿತ್ತು: ಹುಟ್ಟಿದ ಜಾತಿಯ ಕಸುಬನ್ನು ಬಿಡುವುದು ಸುಲಭವಾಗಿರಲಿಲ್ಲ. ಆಯದ ಪದ್ಧತಿ ಸಡಿಲವಾದಂತೆ ಕುಶಲಕರ್ಮಿಗೆ ಸ್ವಾತಂತ್ರ್ಯ ಬಂದಿತು; ಜೊತೆಗೇ ಒಂಟಿತನವೂ ಬಂದಿತು.

ಆಧುನಿಕ ಕಾಲದ ವ್ಯವಸ್ಥೆಯೂ ಮೊದಲು ಹಿಡಿದದ್ದು ಒಡೆಯನ ದಾರಿಯನ್ನೇ. 1883ರಲ್ಲಿ ಬಿಸ್ಮಾರ್ಕನ ಜರ್ಮನಿ ಕಾರ್ಮಿಕರಿಗೆ ಅನಾರೋಗ್ಯ ವಿಮೆಯನ್ನು ಕಡ್ಡಾಯಮಾಡಿತು. 1891ರಲ್ಲಿ ಮೈಸೂರು ಸಂಸ್ಥಾನ ತನ್ನ ನೌಕರರಿಗೆ ಜೀವವಿಮೆಯನ್ನು ಆರಂಭಿಸಿತು. ಸರ್ಕಾರಿ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿದ್ದ ನನ್ನ ಸಂಬಳದಿಂದ ತಿಂಗಳು ತಿಂಗಳೂ ಕಳೆಯುತ್ತಿದ್ದ ಕಂತು ಆ ಪರಂಪರೆಗೆ ಸೇರಿದ್ದು. ನಾನು ಕೇಳದೆಯೇ ನನಗೆ ರಕ್ಷಣೆ ದೊರೆತಿತ್ತು. ಸ್ವತಂತ್ರ ಭಾರತದ 1948ರ ನೌಕರರ ರಾಜ್ಯ ವಿಮಾ ಕಾಯಿದೆ 1952ರ ಫೆಬ್ರವರಿ 24ರಂದು ಕಾನ್ಪುರ, ದೆಹಲಿಗಳಲ್ಲಿ ಮೊದಲು ಆಚರಣೆಗೆ ಬಂದಿತು. ಒಡೆಯ ಒಂದಷ್ಟು, ಆಳು ಒಂದಷ್ಟು ಹಾಕುವ ಏರ್ಪಾಡು ಇದು. ಚಿಕಿತ್ಸೆ ಮಾತ್ರವಲ್ಲ, ಕಾಯಿಲೆಯ ದಿನಗಳ ಕೂಲಿಯ ಬಹುಭಾಗವೂ ಅದರಿಂದ ಸಿಗುವಂತಾಯಿತು. ಆದರೆ ಒಡೆಯನೇ ಇಲ್ಲದವನ ಪಾಲಿನ ಹಣವನ್ನು ಹಾಕುವವರಾರು? ಅಂಥವನಿಗೆ ಆ ಬಾಗಿಲು ತೆರೆಯಲಿಲ್ಲ.

1996ರಲ್ಲಿ ಕಟ್ಟಡ ಕಾರ್ಮಿಕರಿಗಾಗಿಯೇ ಕೇಂದ್ರ ಕಾಯಿದೆಯೊಂದು ಬಂದಿತು. ಕಟ್ಟಡದ ವೆಚ್ಚದ ಮೇಲೆ ಸುಂಕ ಎತ್ತಿ, ಆ ನಿಧಿಯಿಂದ ಕಾರ್ಮಿಕರಿಗೆ ವೈದ್ಯಕೀಯ ನೆರವೇ ಮೊದಲಾದ ಸೌಲಭ್ಯಗಳನ್ನು ಒದಗಿಸುವುದು ಅದರ ಉದ್ದೇಶ. ಬಹಳ ಒಳ್ಳೆಯ ಏರ್ಪಾಡೇ. ಆದರೆ ಆ ಕಾಯಿದೆ ಕಾರ್ಮಿಕನೆಂದರೆ ಯಾರೆಂದು ವ್ಯಾಖ್ಯಾನಿಸುವಾಗ, ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 1,600 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯುವವನನ್ನು ಹೊರಗಿಟ್ಟಿತು. ಇಟ್ಟಿಗೆ ಇಡುವವನು ಒಳಗಾದನು, ಗೋಡೆ ನೆಟ್ಟಗಿದೆಯೇ ಎಂದು ನೋಡುವವನು ಹೊರಗಾದನು. ಗಾರೆಯ ಧೂಳು ಮಾತ್ರ ಇಬ್ಬರ ಪುಪ್ಪುಸಕ್ಕೂ ಒಂದೇ.

ಇನ್ನುಳಿದದ್ದು ಮಾರುಕಟ್ಟೆ. ಸಾಮಾನ್ಯ ವಿಮೆಯ ವ್ಯವಹಾರ 1973ರಲ್ಲಿ ರಾಷ್ಟ್ರೀಕೃತವಾಯಿತು. 1986ರಲ್ಲಿ ಸರ್ಕಾರಿ ಕಂಪನಿಗಳು ‘ಮೆಡಿಕ್ಲೈಮ್’ ಎಂಬ ಪಾಲಿಸಿಯನ್ನು ತಂದವು. ಹಣವುಳ್ಳ ಯಾರಾದರೂ ಕೊಳ್ಳಬಹುದಾದ ಪತ್ರ ಅದು. ಈಚೆಗೆ ನಿಯಮಗಳು ಸಡಿಲವಾಗಿರುವುದನ್ನು ಮೆಚ್ಚಬೇಕು. 2024ರಲ್ಲಿ ಹೊಸ ಪಾಲಿಸಿಗೆ 65 ವರ್ಷದ ಎಲ್ಲೆ ಹೋಯಿತು. ಮೊದಲೇ ಇದ್ದ ಕಾಯಿಲೆಗಾಗಿ ಕಾಯಬೇಕಾದ ಅವಧಿ ಹೆಚ್ಚೆಂದರೆ ಮೂರು ವರ್ಷಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ ಶೇಕಡ 18ರ ತೆರಿಗೆಯೂ ಇಲ್ಲವಾಯಿತು. ಆದರೂ ವಯಸ್ಸು ಏರಿದಂತೆ ಕಂತೂ ಏರುತ್ತದೆ. ಗಳಿಕೆ ಇಳಿಯುವ ಕಾಲದಲ್ಲಿಯೇ ಕಂತು ಹೆಚ್ಚುವುದು ಸ್ವತಂತ್ರ ವೃತ್ತಿಯವನ ಸಂಕಟ.

ಹೀಗೆ ಒಡೆಯನೂ ಇಲ್ಲದ, ಹಣವೂ ಸಾಲದ ಮನುಷ್ಯನಿಗೆ ಮೂರನೆಯ ದಾರಿಯನ್ನು ತೋರಿಸಿದ ಕೀರ್ತಿ ಕನ್ನಡನಾಡಿಗೆ ಸಲ್ಲಬೇಕು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ‘ಮುಯ್ಯಾಳು’ ಎಂಬ ಪದ್ಧತಿಯಿತ್ತು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘ ಇದೇ ಮನೋಧರ್ಮಕ್ಕೆ ಲೆಕ್ಕದ ಪುಸ್ತಕವನ್ನು ಒದಗಿಸಿತು. ಸುಮಾರು ನೂರು ವರ್ಷಗಳ ತರುವಾಯ, ಹೃದಯತಜ್ಞ ಡಾ. ದೇವಿ ಶೆಟ್ಟಿಯವರ ಕಲ್ಪನೆಗೆ ಸರ್ಕಾರ ಕೈಜೋಡಿಸಿ ‘ಯಶಸ್ವಿನಿ’ ಯೋಜನೆ ರೂಪುಗೊಂಡಿತು. 2003ರ ಜೂನ್ ತಿಂಗಳಲ್ಲಿ ಅದು ಕಾರ್ಯಾರಂಭ ಮಾಡಿದಾಗ ಸಹಕಾರ ಸಂಘದ ಸದಸ್ಯ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕೊಟ್ಟರೆ ಸಾಕಾಗಿತ್ತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಒಂದು ಶಸ್ತ್ರಚಿಕಿತ್ಸೆಗೆ 1 ಲಕ್ಷ, ವರ್ಷಕ್ಕೆ 2 ಲಕ್ಷ ರೂಪಾಯಿಯವರೆಗೆ ರಕ್ಷಣೆ. ಹಾಲಿನ ಡೈರಿಗೆ ಹಾಲು ಹಾಕುವವನು, ಊರ ಸೊಸೈಟಿಯಲ್ಲಿ ಸಾಲ ಪಡೆದವನು, ತನ್ನ ಸದಸ್ಯತ್ವದ ಬಲದಿಂದಲೇ ದೊಡ್ಡ ಆಸ್ಪತ್ರೆಯ ಬಾಗಿಲಿಗೆ ಹೋಗಬಹುದಾಯಿತು. ಇಲ್ಲಿ ಯಾರೂ ‘ನಿನ್ನ ಒಡೆಯ ಯಾರು?’ ಎಂದು ಕೇಳಲಿಲ್ಲ. ‘ನಿನ್ನ ಸಂಘ ಯಾವುದು?’ ಎಂದು ಕೇಳಿದರು. ಈ ಎರಡು ಪ್ರಶ್ನೆಗಳ ನಡುವಣ ಅಂತರವೇ ನಮ್ಮ ಸಾಮಾಜಿಕ ಚರಿತ್ರೆಯ ಒಂದು ದೊಡ್ಡ ತಿರುವು ಎಂದು ನಾನು ಭಾವಿಸುತ್ತೇನೆ.

2018ರಲ್ಲಿ ಯಶಸ್ವಿನಿಯನ್ನು ‘ಆರೋಗ್ಯ ಕರ್ನಾಟಕ’ದಲ್ಲಿ ವಿಲೀನಗೊಳಿಸಲಾಯಿತು. ಅದೇ ವರ್ಷ ಕೇಂದ್ರದ ‘ಆಯುಷ್ಮಾನ್ ಭಾರತ’ವೂ ಅದರೊಡನೆ ಕೂಡಿತು. ಬಡತನದ ರೇಖೆಯ ಕೆಳಗಿನ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ. ಉಳಿದವರಿಗೆ ನಿಗದಿತ ವೆಚ್ಚದ ಶೇಕಡ 30 ಮಾತ್ರ. ಕಡುಬಡವನಿಗೆ ಇದು ವರವೇ ಸರಿ. ಆದರೆ ಮೇಸ್ತ್ರಿಯಂಥವನು ಎರಡರ ನಡುವೆ ನಿಂತವನು: ಚೀಟಿ ಸಿಗುವಷ್ಟು ಬಡವನಲ್ಲ, ಶೇಕಡ 70ನ್ನು ತೆರುವಷ್ಟು ಸಿರಿವಂತನೂ ಅಲ್ಲ. ಸಹಕಾರಿಗಳ ಒತ್ತಾಯ ನಿಲ್ಲಲಿಲ್ಲ. 2022ರ ನವೆಂಬರಿನಲ್ಲಿ ಯಶಸ್ವಿನಿಗೆ ಮತ್ತೆ ನೋಂದಣಿ ಆರಂಭವಾಗಿ, 2023ರ ಜನವರಿಯಿಂದ ಚಿಕಿತ್ಸೆ ದೊರೆಯತೊಡಗಿತು. ಪುನರಾರಂಭದಲ್ಲಿ ಗ್ರಾಮೀಣ ಸಂಘದ ನಾಲ್ವರ ಕುಟುಂಬಕ್ಕೆ 500, ನಗರದವರಿಗೆ 1,000 ರೂಪಾಯಿ ವಂತಿಗೆ. ರಕ್ಷಣೆ 5 ಲಕ್ಷ. ನಡುವೆ ಕಳೆದ ನಾಲ್ಕು ವರ್ಷಗಳು ಕಲಿಸಿದ ಪಾಠ ಚಿಕ್ಕದಲ್ಲ. ಸರ್ಕಾರದ ಒಂದು ಆದೇಶದಿಂದ ನಿಲ್ಲಬಲ್ಲ ಸೌಲಭ್ಯ ಇನ್ನೂ ಹಕ್ಕಾಗಿಲ್ಲ.

ಆದುದರಿಂದ ಸ್ವಂತ ದುಡಿಮೆಯವನು ಇಂದು ಮಾಡಬಹುದಾದದ್ದು ಇಷ್ಟು. ತನ್ನ ಪಡಿತರ ಚೀಟಿ ಯಾವ ವರ್ಗದ್ದೆಂದು ತಿಳಿದುಕೊಳ್ಳುವುದು. ಯಾವುದಾದರೊಂದು ಸಹಕಾರ ಸಂಘದಲ್ಲಿ, ಆರೋಗ್ಯವಾಗಿರುವಾಗಲೇ, ಸದಸ್ಯನಾಗುವುದು. ಕೈಲಾದರೆ ವಯಸ್ಸು ಏರುವ ಮುನ್ನ ಪಾಲಿಸಿಯೊಂದನ್ನು ಕೊಳ್ಳುವುದು. ಇಷ್ಟೆಲ್ಲ ಮಾಡಿದರೂ ಒಂದು ಕೊರತೆ ಉಳಿಯುತ್ತದೆ. ಇವು ಆಸ್ಪತ್ರೆಯ ಲೆಕ್ಕವನ್ನು ತೀರಿಸುತ್ತವೆ. ಅರಕಲಗೂಡಿನ ಮೇಸ್ತ್ರಿ ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳು ಏಣಿ ಹತ್ತಲಾರದೆ ಕುಳಿತರೆ ಅವನ ಮನೆಯ ಒಲೆಯನ್ನು ಹೊತ್ತಿಸುವುದಿಲ್ಲ. ಕಾರ್ಖಾನೆಯ ಕಾರ್ಮಿಕನಿಗೆ 1952ರಲ್ಲಿಯೇ ದೊರೆಯತೊಡಗಿದ ಕಾಯಿಲೆ ದಿನಗಳ ಕೂಲಿ ಇವನಿಗೆ ಇನ್ನೂ ದೊರೆತಿಲ್ಲ. ನೆತ್ತರುಗೊಡಗಿಯನ್ನು ಕೊಟ್ಟ ಅರಸರು ಒಂದನ್ನು ಬಲ್ಲವರಾಗಿದ್ದರು: ಬಿದ್ದವನೊಬ್ಬನೇ ಅಲ್ಲ, ಅವನನ್ನು ನಂಬಿದ ಮನೆಯೂ ಬೀಳುತ್ತದೆ. ಒಡೆಯನಿಲ್ಲದ ದುಡಿಮೆಗಾರನ ಮಟ್ಟಿಗೆ ನಮ್ಮ ಕಾಲ ಇನ್ನೂ ಕಲಿಯಬೇಕಾಗಿರುವುದು ಇದನ್ನೇ.